ಸೋಫಾ ಮೇಲೆ ಕೂತಿದ್ದ ಸರ್‌ನೇಮು

ನಾವು ದೇಶ ಬಿಟ್ಟು ಬಂದು ನೆಲೆಸಿದ ಹ್ಯಾರಿಸನ್ನಿನಲ್ಲಿ ಈಗಿನ ಗಾಜಿನ ಅಪಾರ್ಟ್‌ಮೆಂಟುಗಳು ಇನ್ನೂ ಎದ್ದಿರದ ಕಾಲ. ನಾವು ಮಹಡಿಯ ಮೇಲೆ, ಮನೆಯೊಡತಿ ಮಿಸೆಸ್ ಫ್ಲೆಚರ್ ಕೆಳಗೆ. ಚಳಿಗಾಲದಲ್ಲಿ ಅವರ ದಾಲ್ಚಿನ್ನಿ ಟೋಸ್ಟಿನ ವಾಸನೆ ಮೇಲೆ ಹತ್ತುತ್ತಿತ್ತು, ಅಮ್ಮನ ಸಾರಿನ ಒಗ್ಗರಣೆ ಕೆಳಗಿಳಿಯುತ್ತಿತ್ತು. ಯಾರೂ ದೂರಲಿಲ್ಲ; ಅದೂ ದೇವರ ದಯೆಯೇ.

ಒಮ್ಮೆ ನಮ್ಮ ಟೀಚರ್, ಶುಕ್ರವಾರ ಎಲ್ಲರೂ ತಮ್ಮ ಸರ್‌ನೇಮಿನ ಕಥೆ ಹೇಳಬೇಕು ಎಂದರು. ನನ್ನದು ನಂಜುಂಡಯ್ಯ. ಅದು ಅಪ್ಪನ ಸ್ವಂತ ಹೆಸರು. ನಮ್ಮ ಮೈಸೂರು ಕಡೆ ಮನೆತನದ ಹೆಸರೆಂಬುದಿಲ್ಲ. ಪಾಸ್‌ಪೋರ್ಟಿಗೆ ಬೇಕೆಂದು ಅಪ್ಪ ತಮ್ಮದನ್ನೇ ನನಗೆ ಸೇರಿಸಿದ್ದರು.

"ಎಲ್ರದ್ದೂ ಮುನ್ನೂರು ವರ್ಷದ ಕಥೆ ಅಪ್ಪಾ. ನಂದು ಸೋಫಾ ತನಕ ಹೋಗಿ ನಿಂತ್ಬಿಡತ್ತೆ," ಎಂದು ನಾನು ಅಳತೊಡಗಿದೆ.

"ಸೋಫಾ ತುಂಬಾ ಹತ್ರ ಆಯ್ತಾ? ಕಿಚನ್‌ಗೆ ಹೋಗಿ ಕೂತ್ಕೊಳ್ಲಾ?" ಎಂದರು ಸೋಫಾ ಮೇಲೆ ಪೇಪರ್ ಓದುತ್ತಿದ್ದ ಅಪ್ಪ.

"ಮಗೂನ ಅಳಿಸ್ಬೇಡಿ ಅಂದ್ರೆ," ಎಂದು ಗದರಿದ ಅಮ್ಮ, ನನ್ನ ಕೈಗೆ ಉಪ್ಪಿಟ್ಟಿನ ಬಟ್ಟಲು ಕೊಟ್ಟು ಕೆಳಗೆ ಕಳಿಸಿದಳು.

ಮಿಸೆಸ್ ಫ್ಲೆಚರ್ ಉಪ್ಪಿಟ್ಟು ತಿನ್ನುತ್ತ ತಮ್ಮ ಹೆಸರಿನ ಕಥೆ ಹೇಳಿದರು. ಇಂಗ್ಲೆಂಡಿನಲ್ಲಿ ಅವರ ಹಿರಿಯರು ಬಾಣಕ್ಕೆ ಹೆಬ್ಬಾತಿನ ಗರಿ ಕಟ್ಟುತ್ತಿದ್ದರಂತೆ. ಫ್ಲೆಚರ್ ಎಂದರೆ ಬಾಣ ಮಾಡುವವನು. ಬಂದೂಕು ಬಂತು, ಬಾಣ ಹೋಯಿತು, ಹೆಸರು ಉಳಿಯಿತು. ಹಡಗು ಹತ್ತಿ ಇಲ್ಲಿಗೆ ಬಂದವನು ಬ್ರೆಡ್ ಬೇಯಿಸಿ ಮಾರಿದ, ಅವನ ಮಗ ರೈಲು ಓಡಿಸಿದ, ಎಲ್ಲರೂ ಫ್ಲೆಚರ್‌ಗಳೇ.

"ನಿಮಗೆ ಬಾಣ ಮಾಡೋಕೆ ಬರತ್ತಾ?"

"ನನಗೆ ಸೂಜಿಗೆ ದಾರ ಹಾಕೋಕೂ ಬರಲ್ಲ. ಆ ಗರಿ ಕಟ್ಟಿದವನ ಮುಖ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಮಗು. ನಿನ್ನ ಸರ್‌ನೇಮು ಮೇಲೆ ಕೂತು ಪೇಪರ್ ಓದ್ತಿದೆ. ಕರ್ಕೊಂಡು ಹೋಗು."

ಶುಕ್ರವಾರ ಅಪ್ಪ ರಜೆ ಹಾಕಿ, ಮದುವೆಯ ಕೋಟು ತೊಟ್ಟು ನನ್ನ ಜೊತೆ ಶಾಲೆಗೆ ಬಂದರು. ನನ್ನ ಸರದಿ ಬಂದಾಗ ಎದ್ದು ಅಪ್ಪನತ್ತ ಕೈ ತೋರಿಸಿದೆ. "ನನ್ನ ಲಾಸ್ಟ್ ನೇಮ್ ಅಲ್ಲಿ ಕೂತಿದೆ," ಎಂದೆ. ಕ್ಲಾಸೆಲ್ಲ ನಕ್ಕಿತು. ಅಪ್ಪ ಎದ್ದು ಎಲ್ಲರಿಗೂ ಕೈಮುಗಿದರು. ವಿಷವನ್ನು ಗಂಟಲಲ್ಲೇ ತಡೆದ ಶಿವನ ಕಥೆ ಹೇಳಿ, ನಂಜನಗೂಡಿನಲ್ಲಿ ತಮ್ಮ ತಾಯಿ ಹರಕೆ ಹೊತ್ತು ಆ ಸ್ವಾಮಿಯ ಹೆಸರನ್ನೇ ತಮಗಿಟ್ಟರೆಂದರು.

"ಆ ಪಾಯ್ಸನ್ ನಿಮ್ಮಲ್ಲೂ ಇದ್ಯಾ?" ಎಂದು ಒಬ್ಬ ಹುಡುಗಿ ಕೇಳಿದಳು. ಅಪ್ಪ ಕತ್ತೆತ್ತಿ ಗಂಟಲು ತೋರಿಸಿದರು. ಮಕ್ಕಳೆಲ್ಲ ಸಾಲಾಗಿ ಬಂದು ನೋಡಿದರು. ಆ ದಿನ ನನ್ನಷ್ಟು ದೊಡ್ಡ ಮನೆತನದವರು ಕ್ಲಾಸಿನಲ್ಲಿ ಯಾರೂ ಇರಲಿಲ್ಲ.

ಈಗ ನನ್ನ ಸಂಸಾರ ಬ್ರಿಡ್ಜ್‌ವಾಟರಿನಲ್ಲಿ. ಅಪ್ಪ ಇಲ್ಲ. ಡಾಕ್ಟರ ಆಫೀಸಿನಲ್ಲಿ ಅವರ ಹೆಸರನ್ನು ತಡವರಿಸಿ ಕೂಗಿದಾಗ ನಾನು ಎದ್ದು ನಿಲ್ಲುತ್ತೇನೆ. ಭಗವಂತ ಅಷ್ಟನ್ನು ಉಳಿಸಿದ್ದಾನೆ. ನನ್ನ ಮಕ್ಕಳಿಗೆ ಇಲ್ಲಿಯ ರೂಢಿಯಂತೆ ಯಜಮಾನರ ಲಾಸ್ಟ್ ನೇಮನ್ನೇ ಇಟ್ಟೆವು. ಅದು ನನ್ನ ಮಾವನ ಸ್ವಂತ ಹೆಸರು, ಮಕ್ಕಳು ಹುಟ್ಟುವ ಮೊದಲೇ ತೀರಿಕೊಂಡ ತಾತನದು. ಯಾವ ಟೀಚರ್ ಕೇಳಿದರೂ ಅದರ ಕಥೆಯನ್ನು ಚೆನ್ನಾಗಿ ಹೇಳುತ್ತಾರೆ, ಕಲಿಸಿದ್ದೇನೆ. ಅವರು ಕೈಹಿಡಿದು ಕ್ಲಾಸಿಗೆ ಕರೆದೊಯ್ಯಲು ಮಾತ್ರ ಸೋಫಾ ಮೇಲೆ ಯಾರೂ ಕೂತಿಲ್ಲ.