ಮಿಲ್ಲಿನ ಪುಟ್ಟತಾಯಮ್ಮ

ಪುಟ್ಟತಾಯಮ್ಮನವರು ಎದುರಿಗಿದ್ದವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಊರಾಚೆಯ ನೂಲಿನ ಮಿಲ್ಲಿನ ಸದ್ದಿನಲ್ಲಿ ವಯಸ್ಸೆಲ್ಲ ಕಳೆದು ಅವರ ಕಿವಿ ಮಂದವಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಪಾಂಡವಪುರದ ಶಾಲೆಗೆ ಟೀಚರಾಗಿ ಬಂದು ಅವರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ಮಿಲ್ಲು ಆಗಲೇ ಮುಚ್ಚಿತ್ತು.

ಅವರಿಗೆ ಸಂಬಳ, ಬೋನಸ್ಸಿನ ನೆನಪಿಗಿಂತ ಆ ಕಟ್ಟಡದ್ದೇ ಧ್ಯಾನ. ಗೋಡೆಗೆ ಕಲ್ಲು ಹೊತ್ತವರಲ್ಲಿ ಅವರಪ್ಪನೂ ಒಬ್ಬರು. ಕಬ್ಬಿಣದ ಕಂಬಗಳು ರೈಲಿನಲ್ಲಿ ಬಂದು, ಅಲ್ಲಿಂದ ಎತ್ತಿನ ಗಾಡಿ ಏರಿದ್ದವಂತೆ.

"ಸೂರು ಗರಗಸದ ಹಲ್ಲಿನಂಗದೆ ನೋಡು, ಗಾಜೆಲ್ಲ ಬಡಗಲ ಕಡೀಕೆ. ಬೆಳಕು ಬರ್ಬೇಕು, ಬಿಸ್ಲು ಬರಂಗಿಲ್ಲ. ನೂಲು ಒಣಗುದ್ರೆ ಪಟ್ಟಂತ ಕಿತ್ತೋಯ್ತದೆ" ಎನ್ನುತ್ತಿದ್ದರು. ಆಮೇಲೆ ತಪ್ಪದೆ ಅದೇ ಅನುಮಾನ: "ಎರಡು ಹಲ್ಲಿನ ಸಂದೀಲಿ ಬೀಳೋ ಮಳೆನೀರು ಎಲ್ಲೋಯ್ತದೆ? ಗೋಡೇಲಿ ಒಂದು ಪೈಪಿಲ್ಲ. ಮೇಸ್ತ್ರೀನ ಕೇಳುದ್ರೆ, ನಿನ್ ನೂಲು ನೋಡ್ಕೊ ಅನ್ನೋನು."

ಮಿಲ್ಲನ್ನು ಕೆಡವುತ್ತಾರೆಂಬ ಸುದ್ದಿ ಬಂದ ವಾರವೇ ಒಂದು ಸಂಜೆ ಮೋಡ ಕವಿಯಿತು. ಶಾಲೆ ಬಿಡುವ ಹೊತ್ತಿಗೆ ಅವರು ಗೇಟಿನಲ್ಲಿ ಛತ್ರಿ ಹಿಡಿದು ನಿಂತಿದ್ದರು.

"ಬಾರವ್ವ, ಆ ನೀರು ಎಲ್ಲೋಯ್ತದೆ ನೋಡಾನ. ಇವತ್ತು ಬುಟ್ರೆ ಆಯ್ತು."

ಮಿಲ್ಲಿನ ಕಾವಲಿಗಿದ್ದ ರಹಮತ್ ಸಾಬರು ಹಳೆಯ ಪರಿಚಯಕ್ಕೆ ಬೀಗ ತೆಗೆದರು. "ಮಳೆ ನಿಂತೇಟ್ಗೆ ಹೊಂಟೋಗ್ಬುಡಿ ಅಮ್ಮ, ಸಾಹೇಬ್ರು ಬಂದ್ರೆ ನನ್ ನೌಕರಿ ಹೋಯ್ತದೆ."

ಒಳಗೆ ಯಂತ್ರಗಳಿರಲಿಲ್ಲ. ತೊಲೆಗಳ ಮೇಲೆ ಹತ್ತಿಯ ಧೂಳು ಇನ್ನೂ ಕೂತಿತ್ತು. ಮಳೆ ಗಾಜಿಗೆ ಅಪ್ಪಳಿಸತೊಡಗಿದಾಗ ಪುಟ್ಟತಾಯಮ್ಮ ತಾವು ಕೆಲಸ ಮಾಡುತ್ತಿದ್ದ ಜಾಗದ ಕಂಬಕ್ಕೆ ಅಂಗೈ ಒತ್ತಿ, ಕೆನ್ನೆ ಇಟ್ಟರು.

"ನಡುಗ್ತಾದೆ ಕಣವ್ವ. ನೀ ಕೇಳು, ಏನ್ ಸದ್ದು?"

ಕಿವಿಯಿಟ್ಟೆ. ಒಳಗೆ ಗುಳುಗುಳು ಎಂದು ಇಳಿಯುತ್ತಿತ್ತು. ಅವರತ್ತ ತಿರುಗಿ "ನೀರು" ಎಂದೆ.

"ಕಂಬದೊಳಗಾ?"

ಅವರು ಪಕ್ಕದ ಕಂಬಕ್ಕೆ ಹೋದರು, ಅದರಾಚೆಯದಕ್ಕೂ ಹೋದರು. ಮಳೆ ನಿಲ್ಲುವವರೆಗೆ ಒಂದೊಂದನ್ನೂ ಮುಟ್ಟಿ ನೋಡುತ್ತಾ, "ಇದ್ರಲ್ಲೂ ಅದೆ" ಎನ್ನುತ್ತಿದ್ದರು. ಕೊನೆಗೆ ಸೆರಗಿನಲ್ಲಿ ಕೈಯ ತುಕ್ಕು ಒರೆಸಿಕೊಂಡು, "ಮಿಷಿನ್ ಓಡೋವಾಗ ಎಲ್ಲಾನೂ ನಡುಗೋದು. ಇದು ಬ್ಯಾರೆ ನಡುಕ ಅಂತ ಯಂಗ್ ಗೊತ್ತಾಗ್ಬೇಕು" ಎಂದರು.

ಮುಂದೆ ಅವರು ಅಕ್ಕಿಹೆಬ್ಬಾಳಿನ ಮಗಳ ಮನೆ ಸೇರಿದರು. ಮಿಲ್ಲು ಕೆಡವಿದಾಗ ನೋಡಲು ಹೋಗಿದ್ದೆ. ತುಂಡಾದ ಕಂಬಗಳು ಪೊಳ್ಳು ಬಾಯಿ ತೆರೆದು ಬಿದ್ದಿದ್ದವು. ಅದನ್ನು ಹೇಳಲೆಂದೇ ರೈಲು ಹತ್ತಿದೆ. ಹಾಸಿಗೆ ಹಿಡಿದಿದ್ದರೂ ಅವರು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಕಬ್ಬಿಣ ಎಷ್ಟು ದಪ್ಪ ಇತ್ತು?"

ಹೆಬ್ಬೆರಳು ತೋರಿಸಿದೆ. ಅದನ್ನು ಹಿಡಿದು ಅಳೆಯುವವರಂತೆ ಒತ್ತಿದರು.

"ಇಷ್ಟೇಯಾ? ಇಷ್ಟರಲ್ಲೇ ಆ ಸೂರ್ನೆಲ್ಲಾ ಯಂಗ್ ಹೊತ್ಕೊಂಡಿತ್ತು?"

ತಿಳಿದವರನ್ನು ಕೇಳಿಕೊಂಡು ಮತ್ತೆ ಹೋಗುವಷ್ಟರಲ್ಲಿ ಅವರಿರಲಿಲ್ಲ.