ಸೂಜಿ ಹಿಡಿದ ಕೈ

ಚೀನೀ ಸೂಜಿ ಚಿಕಿತ್ಸೆಯನ್ನೇ ಕಸುಬು ಮಾಡಿಕೊಂಡಿರುವ ನನಗೆ ಅದರ ಒಂದು ಮಾತಿನಲ್ಲಿ ಮಾತ್ರ ನಂಬಿಕೆ ಇರಲಿಲ್ಲ ಎಂದರೆ ನೀವು ನಗಬಹುದು. ಸರಿಯಾದ ಜಾಗಕ್ಕೆ ಚುಚ್ಚಿದರೆ ರೋಗಿಯ ಪ್ರಾಣಶಕ್ತಿ ಬಂದು ಸೂಜಿಯನ್ನು ಹಿಡಿದುಕೊಳ್ಳುತ್ತದೆ, ಆ ಸೆಳೆತ ವೈದ್ಯನ ಬೆರಳಿಗೆ ತಿಳಿಯುತ್ತದೆ ಎಂದು ಗುರುಗಳು ಹೇಳುತ್ತಿದ್ದರು. ಸೆಳೆತ ನನಗೂ ದಿನಾ ತಿಳಿಯುತ್ತಿತ್ತು. ಸ್ನಾಯು ಬಿಗಿಯುತ್ತದೆ ಅಷ್ಟೇ, ಅದಕ್ಕೇಕೆ ಇಷ್ಟು ದೊಡ್ಡ ಹೆಸರು ಎಂದು ಒಳಗೊಳಗೇ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಹೊನ್ನಾಳಿಯಲ್ಲಿ ನನ್ನ ಚಿಕಿತ್ಸಾಲಯ. ಗುರುವಾರ ಮಾತ್ರ ಬಸವಾಪಟ್ಟಣಕ್ಕೆ ಹೋಗಿ, ಓಡಾಡಲಾಗದವರನ್ನು ಅವರ ಮನೆಯಲ್ಲೇ ನೋಡುತ್ತಿದ್ದೆ. ಅವರಲ್ಲಿ ಖೈರುನ್ನಿಸಾ ಒಬ್ಬರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮಗಳು ಶಮೀಮ್ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಐದು ತಿಂಗಳು ಚುಚ್ಚಿದೆ, ಚೀನೀ ಬೇರುಗಳ ಕಷಾಯ ಕುಡಿಸಿದೆ. ಆ ಕೈ ಸೂಜಿಯನ್ನು ಒಮ್ಮೆಯೂ ಹಿಡಿಯಲಿಲ್ಲ. ಹತ್ತಿಯ ದಿಂಬಿಗೆ ಚುಚ್ಚಿದ ಹಾಗೆ. "ಇವತ್ತು ಹಿಡೀತೇನ್ರಿ, ಸರ್?" ಎಂದು ಶಮೀಮ್ ಪ್ರತಿ ವಾರ ಕೇಳುತ್ತಿದ್ದಳು. ಅಮ್ಮಿಯ ಕೈ ಒಂದು ಸಲ ತನ್ನ ತಲೆ ಸವರಲಿ ಎಂಬುದಷ್ಟೇ ಅವಳ ಆಸೆ.

ಒಂದು ಗುರುವಾರ ಬಸ್ಸು ತಡವಾಗಿ, ನಾನು ತಲುಪಿದಾಗ ಮಧ್ಯಾಹ್ನ ಎರಡು ದಾಟಿತ್ತು. "ಅಮ್ಮಿ ಮಲಗ್ಯಾರ್ರಿ, ನೀವು ಶುರು ಮಾಡ್ರಿ" ಎಂದು ಅವಳು ಮಿಷನ್ ತುಳಿಯುತ್ತಲೇ ಹೇಳಿದಳು. ಸೂಜಿಯ ಭಯಕ್ಕೆ ಖೈರುನ್ನಿಸಾ ಯಾವಾಗಲೂ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಮಲಗುತ್ತಿದ್ದರು. ಅಂದೂ ಹಾಗೇ ಇದ್ದರು. ಮೊದಲು ಎರಡೂ ಕೈಯ ನಾಡಿ ನೋಡಬೇಕು, ಆಮೇಲೆ ಸೂಜಿ ಎತ್ತಬೇಕು ಎಂಬುದು ನಮ್ಮ ವಿದ್ಯೆಯ ಮೊದಲ ನಿಯಮ. ತಡವಾಯಿತೆಂದು ನಾನು ಅದನ್ನು ಬಿಟ್ಟೆ. ಬಲಗೈ ತಣ್ಣಗಿತ್ತು, ಲಕ್ವ ಹೊಡೆದಂದಿನಿಂದ ತಣ್ಣಗೇ ಇತ್ತು.

ಹೆಬ್ಬೆರಳಿನ ಬುಡದಲ್ಲಿ ಚುಚ್ಚಿ ಸೂಜಿಯನ್ನು ತಿರುಗಿಸಿದೆ. ಅದು ಹಿಡಿಯಿತು. ನಿಧಾನವಾಗಿ ಎಳೆಯಿತು, ಸಡಿಲವಾಯಿತು, ಮತ್ತೆ ಎಳೆಯಿತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಶಮೀಮಳನ್ನು ಕೂಗಲು ಬಾಯಿ ತೆರೆದವನು, ಸೂಜಿ ಕೂತಿರುವಾಗ ಗದ್ದಲ ಮಾಡಬಾರದೆಂದು ಸುಮ್ಮನಾದೆ. ಇಪ್ಪತ್ತು ನಿಮಿಷ ಹಾಗೇ ಕೂತೆ. ಸೆಳೆತ ಪೂರ್ತಿ ನಿಂತ ಮೇಲೆ ಸೂಜಿ ತೆಗೆದು ಹೊರಗೆ ಹೋಗಿ, "ಹಿಡೀತಮ್ಮ, ಬಾ ನೋಡು!" ಎಂದೆ. ಅವಳು ಓಡಿಬಂದು, ನಗುತ್ತಲೇ ದುಪಟ್ಟಾ ಸರಿಸಿದಳು.

ಹತ್ತಿರದ ಡಾಕ್ಟರು ಕೂಡಲೇ ಬಂದು ನೋಡಿ, ಜೀವ ಹೋಗಿ ಮೂರು ತಾಸಾದರೂ ಆಗಿದೆ ಎಂದರು. ಸೂಜಿಯ ವಿಷಯ ಹೇಳಿದೆ. ಸತ್ತ ಮೈ ಬಿಗಿಯುತ್ತದಲ್ಲ ಎಂದರು. ಬಿಗಿಯುವುದು ನನಗೂ ಗೊತ್ತು. ಬಿಗಿದದ್ದು ಸಡಿಲವಾಗಿ ಮತ್ತೆ ಎಳೆಯುವುದನ್ನು ನಾನು ಕೇಳಿಲ್ಲ.

ಮಣ್ಣಾದ ಮೂರನೆಯ ದಿನ ಮತ್ತೆ ಹೋದೆ. ತಾನು ಪಕ್ಕದಲ್ಲೇ ಹೊಲಿಯುತ್ತಿರುವಾಗ ಅಮ್ಮಿ ಒಂಟಿಯಾಗಿ ಹೋದರೆಂಬ ಕೊರಗು ಶಮೀಮಳನ್ನು ತಿನ್ನುತ್ತಿತ್ತು.

"ಡಾಕ್ಟ್ರು ಏನಾರ ಅನ್ಲಿ, ಸರ್. ಸೂಜಿ ಹಿಡಿದಾಗ ಅಮ್ಮಿ ಇದ್ರು, ಹೌದಿಲ್ಲೋ?"

ಅವಳಿಗೆ ಸಮಾಧಾನವಾಗಲಿ ಎಂದು, "ಇದ್ರಮ್ಮ. ನಾನು ಜೊತೆಗೇ ಇದ್ದೆ" ಎಂದೆ.

ಅವಳು ನನ್ನ ಕೈಯನ್ನೇ ನೋಡಿದಳು.

"ಹಂಗಾರೆ ಅಷ್ಟೊತ್ತು ನನ್ನ ಯಾಕೆ ಕರೀಲಿಲ್ರಿ?"

ಅಂದು ಸೂಜಿಯನ್ನು ಎಳೆದದ್ದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಅದು ಖೈರುನ್ನಿಸಾ ಆಗಿರದಿರಲಿ ಎಂದು ಮಾತ್ರ ಬೇಡಿಕೊಳ್ಳುತ್ತೇನೆ.