ಅಜ್ಜಿಯ ಕಿವಿಯ ಗುಟ್ಟು

“ನನ್ನ ಕತಿಯೊಳಗಿನ ಅಜ್ಜಿಗೆ ಕಿವಿ ಚಲೋ ಕೇಳಸ್ತಾವ. ಕೇಳ್ಸಂಗಿಲ್ಲ ಅಂತ ನಾಟಕ ಮಾಡ್ತಾಳ,” ಎಂದು ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಚಪಾತಿ ಲಟ್ಟಿಸುತ್ತಿದ್ದ ತನ್ನ ಅಮ್ಮನೆದುರು ಜೋರಾಗಿ ಓದಿದಳು. ಕತೆಯ ಪಾತ್ರಕ್ಕೊಂದು ಗುಟ್ಟಿರಬೇಕು ಎಂದು ಸಿರುಗುಪ್ಪದ ಶಾಲೆಯಲ್ಲಿ ಟೀಚರ್ ಹೇಳಿದ್ದರಂತೆ. ಸೊಸೆ ನನ್ನ ಪಕ್ಕದಲ್ಲೇ ಕೂತು ತವರಿಗೆ ಫೋನ್ ಮಾಡಿ ನನ್ನನ್ನು ಬೈಯುವುದನ್ನು ಮೂರು ವರ್ಷದಿಂದ ಕಿವುಡಿಯಂತೆ ಸವಿಯುತ್ತಿದ್ದೆ. ಆಗಲೂ ಅಲುಗಾಡದೆ ಶೇಂಗಾ ಸುಲಿಯುತ್ತ ಕುಳಿತೆ.

ಹುಡುಗಿ ಪಿಸುಗುಟ್ಟಿದಳು: “ಅಜ್ಜಿ, ಕತಿಯೊಳಗ ನಿನ್ನ ವಯಸ್ಸು ಎಂಬತ್ತೈದು ಅಂತ ಬರೀಲೇನು?”

“ಎಪ್ಪತ್ತಕ್ಕ ಒಂದೂ ಹೆಚ್ಚು ಬರೀಬ್ಯಾಡಲೇ,” ಅಂದುಬಿಟ್ಟೆ. ಸೊಸೆಯ ಕೈಯಲ್ಲಿ ಲಟ್ಟಣಿಗೆ ನಿಂತೇ ಹೋಯಿತು.

ಈಗ ಅವಳು ಫೋನ್ ಹಿಡಿದು ಮಹಡಿ ಹತ್ತುತ್ತಾಳೆ. ನಾನು ಫೋನಿನಲ್ಲಿ ಟೈಪ್ ಮಾಡುವುದು ಕಲಿತಿದ್ದೇನೆ. ಕೇಳಿಸಿಕೊಂಡಿದ್ದನ್ನೆಲ್ಲ ಕತೆಯಾಗಿ ಬರೆಯುತ್ತೇನೆ ಅಂದಾಗಿನಿಂದ ಬೆಳಗಿನ ಚಹಾ ಮೊದಲು ನನಗೇ ಬರುತ್ತದೆ.